ಸೂಜಿ ತೂತಿನ ಜೋಡಿ ಚೊಂಬು

ಚೊಂಬಿನ ಕುತ್ತಿಗೆಯಿಂದ ಹನಿ ಬೀಳುವುದು ನಿಲ್ಲುವ ತನಕ ಗಂಗಮ್ಮನವರು ಮಾತಾಡುತ್ತಿರಲಿಲ್ಲ, ಬೇರೆಯವರಿಗೂ ಮಾತಾಡಲು ಬಿಡುತ್ತಿರಲಿಲ್ಲ. ಗೇಟಿನಲ್ಲಿ ಲಾರಿಯವನು ಹಾರ್ನ್ ಒತ್ತುತ್ತಿರಲಿ, ಒಳಗಿನಿಂದ ಮ್ಯಾನೇಜರ್ ಕೂಗುತ್ತಿರಲಿ, ಅವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎಡಗೈಯ ಒಂದು ಬೆರಳನ್ನು ಎತ್ತಿ ಹಿಡಿದು, ಸೂಜಿಯಷ್ಟು ಸಣ್ಣ ತೂತಿನಿಂದ ಇಳಿಯುವ ಹನಿಗಳನ್ನೇ ನೋಡುತ್ತ ನಿಂತುಬಿಡುತ್ತಿದ್ದರು. ಕೊನೆಯ ಹನಿ ಬಿದ್ದ ಮೇಲೆ "ಊಂ" ಎಂದು ಬೆರಳು ಇಳಿಸಿದರೆ, ಕಾರ್ಖಾನೆ ಮತ್ತೆ ನಡೆಯಬಹುದು ಎಂದು ಅರ್ಥ.

ಎಡಗೈ ಎಂದು ಬರೆದೆ. ಬಲಗೈಯೂ ಇದ್ದೀತು. ಆ ವರ್ಷಗಳ ಡೈರಿಗಳು ಈಗಲೂ ನನ್ನ ಹತ್ತಿರ ಇವೆ, ಆದರೆ ಯಾವ ಕೈ ಎಂದು ಅವುಗಳಲ್ಲಿ ಇಲ್ಲ. ನೆನಪು ತನಗೆ ಬೇಕಾದಂತೆ ತಿದ್ದಿಕೊಳ್ಳುತ್ತದೆ, ಬರೆದಿಟ್ಟದ್ದು ತಿದ್ದಿಕೊಳ್ಳುವುದಿಲ್ಲ ಎಂಬ ನಂಬಿಕೆಯಿಂದ ಕಾಲೇಜಿನ ದಿನಗಳಿಂದ ಡೈರಿ ಬರೆಯುತ್ತ ಬಂದವಳು ನಾನು. ಗಂಗಮ್ಮನವರ ವಿಷಯದಲ್ಲಿ ನೆನಪೂ ಡೈರಿಯೂ ಎರಡೂ ನನಗೆ ಕೈ ಕೊಟ್ಟಿವೆ. ಅವರನ್ನು ಸ್ಟೋರಿನಿಂದ ತೆಗೆದದ್ದರಲ್ಲಿ ನನ್ನ ಪಾಲು ಎಷ್ಟು ಎಂಬುದು ನನಗೆ ಬೇಕಾದ ಒಂದೇ ಉತ್ತರ. ಅದು ಎರಡರಲ್ಲೂ ಸಿಗುತ್ತಿಲ್ಲ.

ತುಮಕೂರು ರಸ್ತೆಯಲ್ಲಿ ಮೆಟ್ರೊ ಕಂಬಗಳು ಇನ್ನೂ ಎದ್ದಿರಲಿಲ್ಲ. ಪೀಣ್ಯದ ಒಂದು ಒಳರಸ್ತೆಯಲ್ಲಿ ವಿದ್ಯುತ್ ಪ್ಯಾನೆಲ್ ಪೆಟ್ಟಿಗೆಗಳನ್ನು ಮಾಡುವ ಕಾರ್ಖಾನೆ ನಮ್ಮದು. ತಗಡು ಕತ್ತರಿಸಿ, ಬಗ್ಗಿಸಿ, ಬೆಸೆದು, ತೊಳೆದು, ಬಣ್ಣ ಹೊಡೆದು ಕಳಿಸುತ್ತಿದ್ದೆವು. ದಾವಣಗೆರೆಯಿಂದ ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಬಂದು ನಾನು ಅಲ್ಲಿನ ಕ್ವಾಲಿಟಿ ವಿಭಾಗ ಸೇರಿದೆ. ವಿಭಾಗ ಎಂದರೆ ನಾನೊಬ್ಬಳೇ, ಒಂದು ಮೇಜು, ಒಂದು ಬೀರು. ಗಂಗಮ್ಮನವರು ಬಾಗಲಗುಂಟೆಯವರು. ಕಾರ್ಖಾನೆಗಳು ಬರುವ ಮೊದಲಿನಿಂದಲೂ ಅಲ್ಲೇ ಇದ್ದ ಮನೆತನ. ಕಾರ್ಖಾನೆಗೆ ಅವರು ಸೇರಿದ್ದು ಕಸ ಗುಡಿಸಲು. ಒಂದು ಸಲ ಬಂದ ಎಣ್ಣೆಯ ಬ್ಯಾರಲ್ಲಿನಲ್ಲಿ ನೀರು ಸೇರಿದೆ ಎಂದು, ಯಾರೂ ಕೇಳದೆ, ಪೊರಕೆ ಹಿಡಿದುಕೊಂಡೇ ಹೇಳಿದರಂತೆ. ನೋಡಿದರೆ ಹೌದು. ಅಲ್ಲಿಂದ ಅವರನ್ನು, ಬಂದ ಮಾಲು ನೋಡಿ ಒಳಗೆ ತೆಗೆದುಕೊಳ್ಳುವ ಸ್ಟೋರಿಗೆ ಹಾಕಿದರು. ನಾನು ಬರುವ ಹೊತ್ತಿಗೆ ಹನ್ನೊಂದು ವರ್ಷವಾಗಿತ್ತು.

ಅವರ ಉಪಕರಣವನ್ನು ವಿವರಿಸಬೇಕು. ಸ್ಟೋರಿನ ಬಾಗಿಲ ಚೌಕಟ್ಟಿಗೆ ಒಂದು ಕೊಕ್ಕೆ, ಕೊಕ್ಕೆಗೆ ಒಂದು ಹಳೆಯ ಹಿತ್ತಾಳೆ ತಕ್ಕಡಿ. ತಟ್ಟೆಗಳನ್ನು ತೆಗೆದು ಆ ಜಾಗದಲ್ಲಿ ತಂತಿಯಿಂದ ಎರಡು ಸ್ಟೀಲಿನ ಚೊಂಬು ತೂಗುಹಾಕಿದ್ದರು. ಅವರ ಮದುವೆಯಲ್ಲಿ ಬಂದ ಜೋಡಿ. ಎರಡರ ಕುತ್ತಿಗೆಯಲ್ಲೂ ಒಂದೇ ಎತ್ತರಕ್ಕೆ, ನಮ್ಮ ಕಾರ್ಖಾನೆಯ ಡ್ರಿಲ್ಲಿಂಗ್ ಮೆಷಿನ್ನಿನಲ್ಲೇ, ಸೂಜಿಯಷ್ಟು ತೂತು ಮಾಡಿಸಿದ್ದರು. ಚೊಂಬಿನ ತುಂಬ ದ್ರವ ಹುಯ್ದರೆ ಹೆಚ್ಚಾದದ್ದು ತೂತಿನಿಂದ ತೊಟ್ಟಿಕ್ಕಿ ಹೋಗಿ, ಹನಿ ನಿಂತಾಗ ಎರಡರಲ್ಲೂ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಒಂದೇ ಅಳತೆ ಉಳಿಯುತ್ತಿತ್ತು. ಎಡಗಡೆಯ ಚೊಂಬಿಗೆ ಹಿಂದಿನ ಸಲದ ಒಳ್ಳೆಯ ಮಾಲು. ಅದಕ್ಕೆಂದೇ ಪ್ರತಿ ಸಲ ಒಂದು ಕ್ಯಾನು ಬಿಗಿಯಾಗಿ ಮುಚ್ಚಿ ಎತ್ತಿಡುತ್ತಿದ್ದರು. ಬಲಗಡೆಗೆ ಹೊಸದಾಗಿ ಬಂದದ್ದು. ತಕ್ಕಡಿ ಸಮ ನಿಂತರೆ ಮಾಲು ಒಳಗೆ. ನಿಲ್ಲದಿದ್ದರೆ, ಹಗುರವಾದ ಕಡೆಗೆ ಒಂದೊಂದೇ ಹುಣಸೆ ಬೀಜ ಹಾಕುತ್ತ ಎಷ್ಟಕ್ಕೆ ಸಮವಾಗುತ್ತದೆಂದು ಎಣಿಸುತ್ತಿದ್ದರು.

"ಎಲ್ಡ್ ಬೀಜದ್ ಗಂಟ ತಕ್ಕಡಿ ಮಾತಾಡಕ್ಕಿಲ್ಲ ಮೇಡಂ. ಮೂರ್ನೇದ್ಕೆ ಬಾಯ್ ಬಿಡ್ತದೆ. ಐದ್ ಬೀಜ ಆಯ್ತೋ, ಲಾರಿ ವಾಪಸ್ಸು."

ಪ್ರತಿ ಸೋಮವಾರ ಬೆಳಿಗ್ಗೆ ಎರಡೂ ಚೊಂಬಿಗೆ ನಲ್ಲಿ ನೀರು ತುಂಬಿ ತೂಗಿ ನೋಡುತ್ತಿದ್ದರು. ಒಂದು ಚೊಂಬಿಗೆ ಎಲ್ಲಾದರೂ ನೆಗ್ಗು ಬಿದ್ದಿದ್ದರೆ ಅಲ್ಲೇ ಗೊತ್ತಾಗಬೇಕು. ದ್ರವದ ಸಾಂದ್ರತೆ ಅಳೆಯುವ ನನ್ನ ಹೈಡ್ರೋಮೀಟರನ್ನು ವರ್ಷಕ್ಕೊಮ್ಮೆ ಪರೀಕ್ಷೆಗೆ ಕಳಿಸಿ ಸೀಲು ಹಾಕಿದ ಸರ್ಟಿಫಿಕೇಟು ತರಿಸುತ್ತಿದ್ದೆವು. ಅವರ ಚೊಂಬಿಗೆ ವಾರಕ್ಕೊಮ್ಮೆ ಪರೀಕ್ಷೆ, ಸರ್ಟಿಫಿಕೇಟು ಇಲ್ಲ.

ಲೋಡು ಇಳಿಸಲು ಹೊಸದಾಗಿ ಸೇರಿದ ಹುಡುಗರಿಗೆ ಅವರು ಮೊದಲ ದಿನವೇ ಒಂದು ಪಾಠ ಮಾಡುತ್ತಿದ್ದರು. ನಮ್ಮಲ್ಲಿ ಬಣ್ಣ ತೆಳು ಮಾಡುವ ಥಿನ್ನರ್ ಬರುತ್ತಿತ್ತು, ತಗಡಿನ ಗ್ರೀಸ್ ತೊಳೆಯುವ ಟ್ರೈ ಎಂಬ ದ್ರಾವಣವೂ ಬರುತ್ತಿತ್ತು. ಒಂದೇ ಬಣ್ಣದ, ಒಂದೇ ಎತ್ತರದ ಬ್ಯಾರಲ್ಲುಗಳು. ಟ್ರೈ ತುಂಬಿದ್ದು ಥಿನ್ನರ್ ತುಂಬಿದ್ದಕ್ಕಿಂತ ಒಂದೂವರೆ ಪಟ್ಟಿಗೂ ಮಿಕ್ಕಿ ಭಾರ. ಥಿನ್ನರ್ ಬ್ಯಾರಲ್ಲು ಓರೆ ಮಾಡಿದ ಅಂದಾಜಿನಲ್ಲೇ ಟ್ರೈಗೆ ಕೈ ಹಾಕಿದರೆ ಅದು ಕಾಲಿನ ಮೇಲೆ ಬರುತ್ತದೆ. ಗಂಗಮ್ಮನವರು ಒಂದು ಚೊಂಬಿಗೆ ಥಿನ್ನರ್, ಇನ್ನೊಂದಕ್ಕೆ ಟ್ರೈ ತುಂಬಿ, ಹುಡುಗನ ಎರಡು ಕೈಗೆ ಕೊಟ್ಟು "ಕಣ್ ಮುಚ್ಕಳಪ್ಪ, ಯಾವ್ದು ದೊಡ್ಡದು ಯೋಳು" ಅನ್ನುತ್ತಿದ್ದರು. ಅವನು ಟ್ರೈ ಇದ್ದ ಕೈಯನ್ನು ಎತ್ತಿ ತೋರಿಸುತ್ತಿದ್ದ. "ಈಗ ಕಣ್ ಬಿಡು. ಎಲ್ಡೂ ಒಂದೇ ಚೊಂಬು. ಬ್ಯಾರಲ್ ಮಕ ನೋಡಿ ಕೈ ಆಕ್‌ಬ್ಯಾಡ, ಒಳಗಿರೋದ್ ನೋಡಿ ಆಕು."

ಇದನ್ನೇ ನಾನು ಒಂದು ದಿನ ಊಟದ ಬಿಡುವಿನಲ್ಲಿ ಅವರಿಗೆ ಶಾಸ್ತ್ರೀಯವಾಗಿ ಹೇಳಲು ಹೋದೆ. ಒಂದೇ ಗಾತ್ರದ ಎರಡು ದ್ರವ ತೆಗೆದುಕೊಂಡರೆ ಯಾವುದರ ಸಾಂದ್ರತೆ ಹೆಚ್ಚೋ ಅದರ ದ್ರವ್ಯರಾಶಿ ಹೆಚ್ಚು ಎಂದೆ. ಕಾಗದದ ಮೇಲೆ ಎರಡು ಡಬ್ಬಿ ಬರೆದು ಒಂದರಲ್ಲಿ ಚುಕ್ಕಿಗಳನ್ನು ಒತ್ತೊತ್ತಾಗಿ, ಇನ್ನೊಂದರಲ್ಲಿ ವಿರಳವಾಗಿ ಇಟ್ಟೆ. ಅವರು ಮುದ್ದೆ ಮುರಿಯುತ್ತ ಪೂರ್ತಿ ಕೇಳಿಸಿಕೊಂಡು, "ಇದ್ಕೆ ಎಷ್ಟ್ ವರ್ಷ ಓದಿದ್ರಿ ಮೇಡಂ?" ಅಂದರು.

"ಹದಿನೇಳು."

"ಅಯ್ಯೋ ಪಾಪ" ಎಂದು ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದರು.

ಅವರನ್ನು ಕಂಡರೆ ನನಗೆ ಪ್ರೀತಿ ಇತ್ತು ಎಂದು ಈಗ ಬರೆಯುವುದು ಸುಲಭ. ಆಗ ಇದ್ದದ್ದು ಹೆಚ್ಚಾಗಿ ಕಿರಿಕಿರಿ. ಡೈರಿಯಲ್ಲಿ ಅದಕ್ಕೆ ಸಾಕ್ಷಿ ಧಾರಾಳವಾಗಿದೆ. ನಾನು ಕೇಳುತ್ತಿದ್ದದ್ದು ಒಂದು ಸಂಖ್ಯೆ. ಫಾರ್ಮಿನಲ್ಲಿ ಸಂಖ್ಯೆಗೆಂದು ಒಂದು ಚೌಕವಿತ್ತು, ಅಲ್ಲಿ "ನಾಲ್ಕು ಬೀಜ ಕಡಿಮೆ" ಎಂದು ತುಂಬಲಾಗುತ್ತಿರಲಿಲ್ಲ. ಒಂದು ಭಾನುವಾರ ಅವರ ಹುಣಸೆ ಬೀಜಗಳನ್ನು ತಂದು ತೂಗಿ, ಒಂದು ಬೀಜಕ್ಕೆ ಇಷ್ಟು ಸಾಂದ್ರತೆ ಎಂದು ಪಟ್ಟಿ ಮಾಡಿದ್ದೆ. ಆ ಪಟ್ಟಿ ಡೈರಿಯಲ್ಲಿ ಹಾಗೇ ಇದೆ. ಸೋಮವಾರ ತೋರಿಸಿದರೆ ಅವರು ನಕ್ಕು, "ಆ ಬೀಜ ಇಲಿ ತಿಂದ್ಬುಡ್ತು, ಇವು ಬ್ಯಾರೆ" ಎಂದರು. ಹೈಡ್ರೋಮೀಟರ್ ಕಲಿಸಲು ಮೂರು ಸಲ ಪ್ರಯತ್ನಿಸಿದೆ. ಜಾಡಿಯಲ್ಲಿ ತೇಲುವ ಗಾಜಿನ ಕೊಳವೆ, ಮುಳುಗಿದ ಗೆರೆ ಓದಿದರಾಯಿತು. ಅಂಕಿ ಓದಲು ಅವರಿಗೆ ಬರುತ್ತಿತ್ತು. ಬರುವುದಿಲ್ಲವೆಂದು ನಟಿಸಿದರು.

"ಅದು ಒಂಟಿ ಪಿಶಾಚಿ ಮೇಡಂ. ಒಂಟಿಕಾಲ್ ಮೇಲೆ ನಿಂತ್ಕಂಡು ತಂದೇ ಯೋಳ್ತದೆ. ಪಕ್ಕದಾಗೆ ಇನ್ನೊಂದು ಮಡಗಿ ನೋಡ್ದೆ, ಭಾರ ಅಂದ್ರೇನು ಅಗುರ ಅಂದ್ರೇನು?"

ಏಪ್ರಿಲ್ಲಿನ ಒಂದು ಮಧ್ಯಾಹ್ನ ಥಿನ್ನರ್ ಲಾರಿ ಬಂತು. ಜಾಲಹಳ್ಳಿ ಕ್ರಾಸಿನ ಟ್ರಾಫಿಕ್ಕಿನಲ್ಲಿ ಬಿಸಿಲಿಗೆ ನಿಂತು ನಿಂತು ಬಂದ ಲಾರಿ. ನಾನು ಬ್ಯಾರಲ್ಲಿನಿಂದ ನೇರವಾಗಿ ಜಾಡಿಗೆ ತೆಗೆದು ಹೈಡ್ರೋಮೀಟರ್ ಇಳಿಬಿಟ್ಟೆ. ಅದು ಇಳಿಯಬೇಕಾದದ್ದಕ್ಕಿಂತ ಆಳಕ್ಕೆ ಇಳಿಯಿತು. ಸಾಂದ್ರತೆ ಕಡಿಮೆ. ಮಾಲು ತಿರಸ್ಕೃತ ಎಂದು ಕೆಂಪು ಶಾಯಿಯಲ್ಲಿ ಬರೆದು ಸಹಿ ಮಾಡಿದೆ. ಲಾರಿಯವನು ಬೈಯುತ್ತ ಹಗ್ಗ ಬಿಗಿಯಲು ಶುರು ಮಾಡಿದ. ಗಂಗಮ್ಮನವರು ಅವನನ್ನು ತಡೆದು ಒಂದು ಚೊಂಬು ಮಾಲು ಇಸಿದುಕೊಂಡರು. ಹಳೆಯ ಮಾಲಿನ ಚೊಂಬನ್ನೂ ಅದನ್ನೂ ಮುಚ್ಚಿ, ಒಂದು ಬೇಸಿನ್ ನೀರಿನಲ್ಲಿ ಅಕ್ಕಪಕ್ಕ ಕೂರಿಸಿ, ತಮ್ಮ ಕೆಲಸಕ್ಕೆ ಹೋದರು. ನಾಲ್ಕು ಗಂಟೆಯ ಟೀ ಕುಡಿದು ಬಂದು, ಮತ್ತೆ ತೂತಿನ ಮಟ್ಟಕ್ಕೆ ತುಂಬಿಸಿ, ತಕ್ಕಡಿಗೆ ಹಾಕಿದರು. ಸಮ.

"ಬಿಸ್ಲಾಗ್ ನಿಂತಿದ್ದು ಉಬ್ಬಿರ್ತದೆ ಮೇಡಂ. ಉಬ್ಬಿದ್ದು ಅಗುರಾನೇ. ಆಗ್ತಾನೆ ಕರೆದ ಆಲ್ನ ಯಾರಾದ್ರೂ ಅಳೀತಾರಾ? ಇಬ್ರನ್ನೂ ಒಂದೇ ನೀರ್ನಾಗೆ ಕೂರಿಸ್ಬೇಕು, ಆಮ್ಯಾಕೆ ಜಗಳ ಬಿಡಿಸ್ಬೇಕು."

ಉಷ್ಣತೆಗೆ ತಕ್ಕಂತೆ ಸಾಂದ್ರತೆ ಬದಲಾಗುತ್ತದೆ ಎಂಬುದು ನನಗೆ ಹೈಸ್ಕೂಲಿನಿಂದ ಗೊತ್ತು. ಪರೀಕ್ಷೆಯಲ್ಲಿ ಅದಕ್ಕೆ ಅಂಕವೂ ಬಂದಿತ್ತು. ಬೀರುವಿನಲ್ಲಿ ಥರ್ಮಾಮೀಟರ್ ಇತ್ತು. ಕೆಂಪು ಶಾಯಿಯ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಮತ್ತೆ ಸಹಿ ಮಾಡುವಾಗ ನಮ್ಮ ಮ್ಯಾನೇಜರ್ ಸುದರ್ಶನ್ ಬಾಗಿಲಲ್ಲಿ ನಿಂತಿದ್ದರು. "ಏನ್ ಮೇಡಂ, ಎಂ.ಎಸ್ಸಿ.ನ ಚೊಂಬು ಸೋಲಿಸ್ಬಿಡ್ತಾ?" ಅಂದರು. ಎಲ್ಲರೂ ನಕ್ಕರು. ಗಂಗಮ್ಮನವರು ನಗಲಿಲ್ಲ ಎಂದು ನನ್ನ ನೆನಪು. ಡೈರಿಯಲ್ಲಿ "ಎಲ್ಲರೂ ನಕ್ಕರು, ಗಂ. ಕೂಡ" ಎಂದಿದೆ.

ಆ ಸಂಜೆಯೇ ಇರಬೇಕು, ಅವರು ಹಾಲಿನ ಕಥೆ ಹೇಳಿದ್ದು. ಬಾಗಲಗುಂಟೆಯಲ್ಲಿ ಇನ್ನೂ ಎಮ್ಮೆಗಳಿದ್ದ ಕಾಲಕ್ಕೆ ಅವರ ಅತ್ತೆ ಊರವರ ಹಾಲು ಕೂಡಿಸಿ ಪೇಟೆಗೆ ಕಳಿಸುತ್ತಿದ್ದರಂತೆ. ನೀರು ಹಾಕಿದ ಹಾಲಿನ ಚೊಂಬು ಹಗುರ, ಸಿಕ್ಕಿಬೀಳುತ್ತಿತ್ತು. ಆದರೆ ಒಬ್ಬ ಇದ್ದನಂತೆ, ಅವನ ಹಾಲು ಯಾವತ್ತೂ ಸಮ.

"ಕೆನೆ ತಗ್ದ್ರೆ ಆಲು ಭಾರ ಆಯ್ತದೆ ಮೇಡಂ. ಅದ್ಕೆ ನೀರ್ ಆಕಿದ್ರೆ ಅಗುರ ಆಯ್ತದೆ. ಎಲ್ಡೂ ಮಾಡಿದ್ರೆ? ಸಮ! ತಕ್ಕಡಿ ಬಾಯೇ ಬಿಡಕ್ಕಿಲ್ಲ. ನಮ್ಮತ್ತೆ ಉಗುರ್ ಮ್ಯಾಲೆ ಒಂದ್ ಅನಿ ಬಿಟ್ಟು ನೋಡಿ, ಹೆಂಗ್ ಜಾರಿ ಓಯ್ತು ಅಂದ್ರೆ, ಅವ್ನ್ ಕ್ಯಾನ್ ಎತ್ತಿ ಚರಂಡಿಗೆ ಸುರುದ್ಬುಟ್ರು."

ನಾನು ನಕ್ಕೆ. ಚೆನ್ನಾಗಿದೆ ಎಂದು ಡೈರಿಯಲ್ಲಿ ಕಥೆಯನ್ನು ಪೂರ್ತಿ ಬರೆದುಕೊಂಡೆ. ಮೂರು ಪುಟ. ಬರೆದುಕೊಂಡವಳಿಗೆ ಅದರ ಅರ್ಥ ತಲೆಗೆ ಹೋಗಲಿಲ್ಲ ಎಂಬುದು ಈ ಮೂರು ಪುಟ ಓದುವಾಗಲೆಲ್ಲ ನನ್ನನ್ನು ರೇಗಿಸುತ್ತದೆ.

ನಮ್ಮ ಪೆಟ್ಟಿಗೆಗಳನ್ನು ಕೊಳ್ಳುವ ಕಂಪನಿಯಿಂದ ವರ್ಷಕ್ಕೆರಡು ಸಲ ಆಡಿಟ್ ಬರುತ್ತಿತ್ತು. ಆ ದಿನ ತಕ್ಕಡಿಗೆ ಗೋಣಿಚೀಲ ಹೊದಿಸುವುದು ನಮ್ಮಲ್ಲಿ ಪದ್ಧತಿ. ಪಟ್ಟಿಯಲ್ಲಿ ಇಲ್ಲದ ಉಪಕರಣ ಕಣ್ಣಿಗೆ ಬೀಳಬಾರದು. ಹೊದಿಸುವ ಕೆಲಸ ನನ್ನದು. "ಉಸಿರಾಡ್ತಿರೋರ್ಗೆ ಮುಸುಕ್ ಆಕ್ತೀರಲ್ಲ ಮೇಡಮ್ನೋರೇ" ಎಂದು ಗಂಗಮ್ಮನವರು ಪ್ರತಿ ಸಲವೂ ಅನ್ನುತ್ತಿದ್ದರು. ಅವರ ವಿಧಾನವನ್ನೇ ಬರೆದು, ಚೊಂಬಿಗೊಂದು ನಂಬರು ಕೊಟ್ಟು, ಪಟ್ಟಿಗೆ ಸೇರಿಸೋಣ ಎಂದು ನಾನು ಸುದರ್ಶನ್‌ಗೆ ಎರಡು ಸಲ ಹೇಳಿದ್ದು ಡೈರಿಯಲ್ಲಿ ಇದೆ. ಇದನ್ನು ನನ್ನ ಪರವಾಗಿ ಎಣಿಸಿಕೊಳ್ಳಬಹುದು. "ಆಡಿಟರ್ ಮುಂದೆ ಚೊಂಬು ಇಡ್ತೀರಾ? ಆರ್ಡರ್ ಬೇಕೋ ಬೇಡ್ವೋ?" ಎಂದಿದ್ದರು ಅವರು. ಮೂರನೆಯ ಸಲ ನಾನು ಹೇಳಲಿಲ್ಲ.

ಆಮೇಲೆ ಸುದರ್ಶನ್ ಥಿನ್ನರ್ ಕೊಡುವವರನ್ನು ಬದಲಾಯಿಸಿದರು. ಹೊಸಬರು ಅಗ್ಗ. ಮೊದಲ ಲಾರಿ ಬಂತು. ನಾನು ಈ ಸಲ ನೆರಳಿನಲ್ಲಿ ಆರಲು ಬಿಟ್ಟು, ಥರ್ಮಾಮೀಟರ್ ಇಟ್ಟು, ಹೈಡ್ರೋಮೀಟರ್ ನೋಡಿದೆ. ಸರಿಯಾಗಿತ್ತು. ಅತ್ತ ಗಂಗಮ್ಮನವರ ತಕ್ಕಡಿಯೂ ಸಮ ನಿಂತಿತ್ತು. ಒಂದು ಬೀಜವೂ ಬೇಕಾಗಲಿಲ್ಲ. ಇಬ್ಬರದೂ ಒಂದೇ ತೀರ್ಪು ಎಂದು ನಾನು ಖುಷಿಪಟ್ಟದ್ದು ನೆನಪಿದೆ.

ಆ ಹೊತ್ತಿನದೇ ಇನ್ನೊಂದು ಚಿತ್ರ ನನ್ನ ತಲೆಯಲ್ಲಿದೆ. ಗಂಗಮ್ಮನವರು ಥಿನ್ನರ್ ಮುಟ್ಟಿದ ಬೆರಳನ್ನು ಹಳೆಯ ನ್ಯೂಸ್ ಪೇಪರಿಗೆ ಒರೆಸಿ, ಅದನ್ನು ಬೆಳಕಿಗೆ ಹಿಡಿದು, "ಕಲೆ ಒಣಗ್ತಾ ಇಲ್ಲ ನೋಡಿ ಮೇಡಂ, ಎಣ್ಣೆ ಇದ್ದಂಗೈತೆ" ಎನ್ನುತ್ತಿದ್ದಾರೆ. ಕಾಗದದ ಮೇಲೆ ನಾಲ್ಕಾಣೆಯಗಲದ ಜಿಡ್ಡು. ಬಹಳ ಸ್ಪಷ್ಟವಾಗಿದೆ ಈ ಚಿತ್ರ. ಸ್ಪಷ್ಟವಾಗಿದೆ ಎಂಬ ಕಾರಣಕ್ಕೇ ನನಗೆ ಅನುಮಾನ. ಇದು ಅವತ್ತಿನದೋ, ಎಲ್ಲ ಆದ ಮೇಲೆ ಅವರು ತೋರಿಸಿದ್ದೋ? ಅಥವಾ ಅವರ ಅತ್ತೆಯ ಉಗುರಿನ ಹನಿಯನ್ನು ನಾನೇ ಕಾಗದಕ್ಕೆ ತಂದು ಅವರ ಬಾಯಿಗೆ ಮಾತು ಹಾಕಿದೆನೋ? ಆ ದಿನದ ಡೈರಿ ತೆರೆದರೆ ಒಂದೇ ಸಾಲು: "ಹೊಸ ಥಿನ್ನರ್ ಸರಿ ಇದೆ, ಪಾಸ್. ಗಂ. ಏನೋ ಹೇಳಿದರು, ಗಲಾಟೆಯಲ್ಲಿ ಕೇಳಿಸಲಿಲ್ಲ, ನಾಳೆ ಕೇಳಬೇಕು."

ಮರುದಿನದ ಪುಟದಲ್ಲಿ ಮನೆ ಮಾಲೀಕರು ನೀರು ಬಿಡದ್ದರ ಬಗ್ಗೆ ಬರೆದಿದ್ದೇನೆ.

ಹನ್ನೆರಡು ದಿನದ ಮೇಲೆ, ಬಣ್ಣ ಹೊಡೆಯುವ ಇಮ್ತಿಯಾಜ್ ನನ್ನ ಮೇಜಿನ ಹತ್ತಿರ ಬಂದರು. ಕೈಯಲ್ಲಿ ಒಂದು ಪೆಟ್ಟಿಗೆಯ ಮುಚ್ಚಳ. ಉಗುರಿನಿಂದ ಅದರ ಅಂಚನ್ನು ಎಬ್ಬಿಸಿದರು. ಬಣ್ಣ ಬಾಳೆಹಣ್ಣಿನ ಸಿಪ್ಪೆಯಂತೆ ಎದ್ದು ಬಂತು.

"ನೋಡಿ ಮೇಡಂ, ಪೇಂಟ್ ಹಿಡೀತಾನೇ ಇಲ್ಲ. ಗನ್ ಬದ್ಲಾಯಿಸ್ದೆ, ಪೇಂಟ್ ಬದ್ಲಾಯಿಸ್ದೆ. ನನ್ ಕೈ ಅಂತೂ ಬದ್ಲಾಯಿಸಕ್ಕಾಗಲ್ಲ. ಇನ್ನ ಉಳ್ದಿರೋದು ಥಿನ್ನರ್ ಒಂದೇ."

ಅಷ್ಟರಲ್ಲಿ ಎರಡು ಲಾರಿ ಪೆಟ್ಟಿಗೆ ಹೋಗಿಯಾಗಿತ್ತು. ಎರಡೂ ವಾಪಸು ಬಂದವು. ಥಿನ್ನರನ್ನು ಹೊರಗಿನ ಲ್ಯಾಬಿಗೆ ಕಳಿಸಿದೆವು. ಅದರಲ್ಲಿ ಬೇಗ ಆರದ, ಬಣ್ಣವಿಲ್ಲದ, ಅಗ್ಗದ ಎಣ್ಣೆ ಬೆರೆಸಿದ್ದರು. ಅದು ಹಗುರ. ಹಗುರವಾದದ್ದು ಗೊತ್ತಾಗಬಾರದೆಂದು, ತೂಕ ಸರಿದೂಗುವಷ್ಟು ಟ್ರೈ ಸೇರಿಸಿದ್ದರು. ಕೆನೆ ತೆಗೆದು ನೀರು ಹಾಕಿದ ಹಾಲೇ ಅದು. ಹೈಡ್ರೋಮೀಟರ್ ನೋಡುವುದೂ ಸಾಂದ್ರತೆಯನ್ನೇ, ಜೋಡಿ ಚೊಂಬು ನೋಡುವುದೂ ಸಾಂದ್ರತೆಯನ್ನೇ. ಒಂದು ಎಲ್ಲಿ ಕುರುಡೋ ಇನ್ನೊಂದೂ ಅಲ್ಲೇ ಕುರುಡು. ಎರಡು ದ್ರವದ ಸಾಂದ್ರತೆ ಒಂದೇ ಆದರೆ ಸಮ ಗಾತ್ರದಲ್ಲಿ ಅವುಗಳ ತೂಕವೂ ಒಂದೇ ಎನ್ನಬಹುದು, ಅವು ಒಂದೇ ದ್ರವ ಎನ್ನಲಾಗದು. ಈ ಕೊನೆಯ ತುಂಡನ್ನು ನನ್ನ ಹದಿನೇಳು ವರ್ಷದ ಓದಿನಲ್ಲಿ ಯಾರೋ ಹೇಳಿಯೇ ಇರಬೇಕು. ಕಾಗದದ ಮೇಲೆ ಒಂದು ಹನಿ ಬಿಟ್ಟು ಐದು ನಿಮಿಷ ಕಾದಿದ್ದರೆ ಸಾಕಿತ್ತು. ಅದಕ್ಕೆ ನನ್ನ ಫಾರ್ಮಿನಲ್ಲಿ ಚೌಕವಿರಲಿಲ್ಲ.

ಕೊಳ್ಳುವ ಕಂಪನಿಯವರು ಮೂಲ ಕಾರಣ ಏನು, ಅದಕ್ಕೆ ಏನು ಕ್ರಮ ತೆಗೆದುಕೊಂಡಿರಿ ಎಂದು ವರದಿ ಕೇಳಿದರು. ಸುದರ್ಶನ್ ನನ್ನನ್ನು ಕರೆದು ಕೂರಿಸಿಕೊಂಡರು.

"ಬರೀರಿ. ಸ್ಟೋರ್ಸಲ್ಲಿ ಅನಧಿಕೃತ ಉಪಕರಣ ಬಳಸಿ ಮಾಲು ಒಳಗೆ ತಗೊಂಡಿದ್ದಾರೆ. ಅದನ್ನ ತೆಗೆದು ಹಾಕಿದ್ದೀವಿ. ಆ ವ್ಯಕ್ತಿನ ಬೇರೆ ಕೆಲಸಕ್ಕೆ ಹಾಕಿದ್ದೀವಿ. ಇನ್ಮೇಲೆ ಹೈಡ್ರೋಮೀಟರ್ ಒಂದೇ."

ಇಲ್ಲಿ ನನ್ನ ನೆನಪು ಹೀಗೆ ಹೇಳುತ್ತದೆ. ನಾನು ಎದ್ದು ನಿಂತು, "ಸಾರ್, ಹೈಡ್ರೋಮೀಟರ್ ಕೂಡ ಪಾಸ್ ಮಾಡಿದೆ, ಫೈಲಿನಲ್ಲಿ ನನ್ನ ಸಹಿ ಇದೆ. ಅವರದು ತಪ್ಪಾದರೆ ನನ್ನದೂ ತಪ್ಪು. ಥಿನ್ನರ್‌ನವರನ್ನು ಬದಲಾಯಿಸಿದ್ದು ನೀವು" ಎಂದೆ. ವಾಕ್ಯಗಳು ಎಷ್ಟು ಅಚ್ಚುಕಟ್ಟಾಗಿವೆ ನೋಡಿ. ಪ್ಲಾಂಟ್ ಮ್ಯಾನೇಜರ್ ಎದುರು, ಮೊದಲ ಕೆಲಸದಲ್ಲಿ, ಇಪ್ಪತ್ತೈದರ ಹುಡುಗಿ ಹೀಗೆ ಮಾತಾಡುತ್ತಾಳೆಯೇ? ಡೈರಿ ಹೇಳುವುದು ಇಷ್ಟು: "ಐದಕ್ಕೆ ವರದಿ ಮುಗಿಯಿತು. ಸು. ಒಪ್ಪಿದರು. ತಲೆನೋವು."

ನನ್ನ ಸಂಖ್ಯೆ ಫೈಲಿನಲ್ಲಿ ಇತ್ತು. ಆದ್ದರಿಂದ ಅದು ತಪ್ಪಲ್ಲ, ವಿಧಾನದ ಮಿತಿ. ಅವರ ಸಂಖ್ಯೆ ಎಲ್ಲೂ ಇರಲಿಲ್ಲ. ಆದ್ದರಿಂದ ಅದು ತಪ್ಪು. ಈ ಲೆಕ್ಕವನ್ನು ಇಂಗ್ಲಿಷಿನಲ್ಲಿ, ಒಳ್ಳೆಯ ವ್ಯಾಕರಣದಲ್ಲಿ, ಎರಡು ಪುಟಕ್ಕೆ ಹಿಗ್ಗಿಸಿ ಬರೆದದ್ದು ನಾನು.

ಮರುದಿನ ಗಂಗಮ್ಮನವರಿಗೆ ಹೌಸ್‌ಕೀಪಿಂಗ್ ಎಂದರು. ಹನ್ನೆರಡು ವರ್ಷದ ಹಿಂದೆ ಕೆಳಗಿಟ್ಟ ಪೊರಕೆಯೇ ಮತ್ತೆ. ಅವರು ಸ್ಟೋರಿನ ಬಾಗಿಲಲ್ಲಿ ನಿಂತು ತಂತಿ ಬಿಚ್ಚಿ, ಎರಡು ಚೊಂಬನ್ನೂ ನೀರಿನಲ್ಲಿ ತೊಳೆದು, ಒರೆಸಿ, ಬಟ್ಟೆಯ ಚೀಲಕ್ಕೆ ಹಾಕಿಕೊಂಡರು. ತಕ್ಕಡಿ ಕಾರ್ಖಾನೆಯದು, ಕೊಕ್ಕೆಯಲ್ಲೇ ಉಳಿಯಿತು. ಸುದರ್ಶನ್, "ಸಂಬಳ ಏನೂ ಕಮ್ಮಿ ಆಗಲ್ಲಮ್ಮ, ಕೆಲಸ ಬೇರೆ ಅಷ್ಟೇ" ಎಂದರು.

"ಗುಡಿಸಾಕೆ ನಂಗೇನ್ ನಾಚ್ಕೆ ಇಲ್ಲ ಸಾರ್. ನಮ್ಮನೆಯಾಗೂ ಗುಡಿಸ್ತೀನಿ. ಕಳ್ಳ ಮಾಲ್ ಒಳೀಕ್ ಬಿಟ್ಟೋಳು ಅಂತ ಯೋಳಿ ಗುಡಿಸು ಅಂದ್ರೆ, ಅದ್ಕಾಗಕ್ಕಿಲ್ಲ."

ನನ್ನ ಮೇಜಿನ ಮುಂದೆಯೇ ಹಾದುಹೋಗಬೇಕಿತ್ತು. ಹಾದುಹೋದರು. "ಬರ್ತೀನಿ ಮೇಡಂ, ಟೀ ಬಂದೈತೆ, ಆರೋಯ್ತದೆ, ಕುಡೀರಿ" ಎಂದರು. ನಾನು ಫೈಲು ನೋಡುತ್ತಿದ್ದೆ. ಅಥವಾ ನೋಡುತ್ತಿರುವಂತೆ ಇದ್ದೆ. ಇದರಲ್ಲಿ ಮಾತ್ರ ನೆನಪಿಗೂ ಡೈರಿಗೂ ಜಗಳವಿಲ್ಲ. ಡೈರಿಯಲ್ಲಿ ಆ ದಿನ ಏನೂ ಬರೆದಿಲ್ಲ.

ಒಂದು ವರ್ಷದೊಳಗೆ ನಾನೂ ಆ ಕೆಲಸ ಬಿಟ್ಟು ವೈಟ್‌ಫೀಲ್ಡ್ ಕಡೆ ಬೇರೆ ಕಂಪನಿ ಸೇರಿ, ಬ್ರೂಕ್‌ಫೀಲ್ಡಿನಲ್ಲಿ ಮನೆ ಮಾಡಿದೆ. ಊರಿನ ಆ ತುದಿಯಿಂದ ಈ ತುದಿಗೆ. ದೂರ ಎಂಬುದು ಒಳ್ಳೆಯ ನೆಪವಾಯಿತು. ಬಾಗಲಗುಂಟೆಗೆ ಹೋಗಲು ಆರು ವರ್ಷ ಹಿಡಿಯಿತು. ಅಷ್ಟರಲ್ಲಿ ಮೆಟ್ರೊ ಕಂಬಗಳು ಎದ್ದು, ಮೇಲೆ ರೈಲು ಓಡಾಡುತ್ತಿತ್ತು. ಇಮ್ತಿಯಾಜ್ ಫೋನಿನಲ್ಲಿ ದಾರಿ ಹೇಳಿದರು. ವರದಿ ಬರೆದದ್ದು ನಾನು ಎಂದು ಹೇಳಿಬಿಡಬೇಕು ಎಂದುಕೊಂಡು ಹೋಗಿದ್ದೆ. ಬಸ್ಸಿನಲ್ಲಿ ವಾಕ್ಯವನ್ನೂ ಜೋಡಿಸಿಕೊಂಡಿದ್ದೆ.

ಕಾರ್ಖಾನೆ ಕೆಲಸದವರಿಗೆ ಬಾಡಿಗೆ ಕೊಟ್ಟ ಸಾಲು ಕೋಣೆಗಳ ಮುಂದೆ, ಕಟ್ಟೆಯ ಮೇಲೆ ಕೂತು ಅವರು ಅವರೆಕಾಯಿ ಸುಲಿಯುತ್ತಿದ್ದರು. ತೆಳ್ಳಗಾಗಿದ್ದರು. ನನ್ನನ್ನು ಗುರುತಿಸಲು ಒಂದು ಕ್ಷಣವೂ ಬೇಕಾಗಲಿಲ್ಲ.

"ಓ, ಒಂಟಿಕಾಲ್ ಮೇಡಮ್ನೋರು! ಬನ್ನಿ ಬನ್ನಿ. ಮದ್ವೆ ಆಯ್ತಾ? ಮಕ್ಳಾ? ಏನ್ ಇಂಗ್ ಸೊರಗಿದ್ದೀರ?"

ಒಳಗೆ ಹೋಗಿ ಕುಡಿಯಲು ನೀರು ತಂದರು. ಅದೇ ಚೊಂಬು. ಕುತ್ತಿಗೆಯ ತೂತಿನಿಂದ ನೀರು ತೊಟ್ಟಿಕ್ಕುತ್ತಿತ್ತು. ನಾನು ಕೈ ಚಾಚಿದೆ, ಅವರು ಕೊಡಲಿಲ್ಲ. ಬೆರಳು ಎತ್ತಿ ಹಿಡಿದರು. ಇಬ್ಬರೂ ಹನಿ ನಿಲ್ಲುವ ತನಕ ಸುಮ್ಮನೆ ನೋಡುತ್ತ ನಿಂತೆವು. "ಊಂ" ಎಂದರು. ಕುಡಿದೆ. ಇನ್ನೊಂದೆಲ್ಲಿ ಎಂದು ಕೇಳಿದರೆ, "ಸೊಸೆ ತುಳಸಿ ಗಿಡುಕ್ ಮಡೀಕಂಡವ್ಳೆ. ತೂತಿರೋದು ಗಿಡುಕ್ ಒಳ್ಳೇದಂತೆ" ಎಂದು ನಕ್ಕರು.

ಜೋಡಿಸಿಕೊಂಡು ಹೋಗಿದ್ದ ವಾಕ್ಯ ಬಾಯಿಗೆ ಬರಲಿಲ್ಲ. ಬಂದದ್ದು ಬೇರೆ.

"ಗಂಗಮ್ಮ, ಆ ಹೊಸ ಥಿನ್ನರ್ ಬಂದ ದಿನ ನೀವು ನನಗೆ ಏನೋ ಹೇಳಿದ್ರಿ. ಪೇಪರ್ ಮೇಲೆ ಕಲೆ ಒಣಗ್ತಿಲ್ಲ ಅಂತ. ಹೇಳಿದ್ರಲ್ವಾ?"

ಅವರು ಒಂದು ಕಾಯಿ ಸುಲಿದು, ಕಾಳು ಮೊರಕ್ಕೆ ಹಾಕಿ, ಇನ್ನೊಂದು ಎತ್ತಿಕೊಂಡರು.

"ಯೋಳಿದ್ದೆ ಅಂದ್ರೆ ನಿಮ್ಗೆ ಸಮಾಧಾನನಾ? ಯೋಳಿರ್ನಿಲ್ಲ ಅಂದ್ರೆ ಸಮಾಧಾನನಾ? ಯಾವ್ದ್ ಬೇಕು ಯೋಳಿ, ಅದನ್ನೇ ಯೋಳ್ತೀನಿ. ನಂಗಂತೂ ಗ್ಯಾಪ್ಕ ಇಲ್ಲ."

ನನಗೆ ಸಿಟ್ಟು ಬಂತು. ಅವರ ಮೇಲೆಯೇ ಬಂತು ಎಂಬುದನ್ನು ಬರೆದಿಡುತ್ತೇನೆ. ಹೇಳಿದ್ದರು ಎಂದಾದರೆ ತಪ್ಪು ನನ್ನೊಬ್ಬಳದೇ, ಹೇಳಿರಲಿಲ್ಲ ಎಂದಾದರೆ ಇಬ್ಬರದೂ ಸಮ. ಈ ಎರಡರಲ್ಲಿ ಒಂದನ್ನು ಅವರು ನನ್ನ ಕೈಗೆ ಕೊಟ್ಟು ಕಳಿಸುತ್ತಾರೆ ಎಂದು ನಂಬಿಕೊಂಡು ಹೋಗಿದ್ದೆ. ಸೊಸೆ ತಂದ ಕಾಫಿ ಕುಡಿದೆ. ಒಂದಿಷ್ಟು ಅವರೆಕಾಯಿ ಸುಲಿದೆ.

ಬಸ್ ಸ್ಟಾಪಿನ ತನಕ ಬಂದರು. ಬೇಡ ಎಂದರೂ ಕೇಳಲಿಲ್ಲ. ಬಸ್ಸು ತಿರುವಿನಲ್ಲಿ ಕಾಣಿಸಿದಾಗ, ಹವೆಯ ಬಗ್ಗೆ ಹೇಳುವಷ್ಟೇ ಸಾಧಾರಣವಾಗಿ ಹೇಳಿದರು:

"ಆ ಕಾಗ್ದ ಬರ್ದಿದ್ದು ನೀವೇ ಅಂತ ಅವತ್ತೇ ಗೊತ್ತಿತ್ತು ಮೇಡಂ. ಸುದರ್ಸನಪ್ಪಂಗೆ ರಜಾ ಚೀಟಿ ಬರಿಯಾಕೂ ನೀವೇ ಬೇಕಾಗಿತ್ತು. ಅಲ್ಲಿ ಇಂಗ್ಲೀಸ್ ಬರಿಯೋರು ಇನ್ಯಾರಿದ್ರು? ಅತ್ತಿ, ಬಸ್ ಬಂತು. ಮುಂದ್ಗಡೆ ಸೀಟ್ ಐತೆ."

ಕಂಡಕ್ಟರ್ ಸೀಟಿ ಊದಿದ. ನಾನು ಹತ್ತಿದೆ. ಕಿಟಕಿಯಿಂದ ನೋಡುವಷ್ಟರಲ್ಲಿ ಅವರು ಬೆನ್ನು ತಿರುಗಿಸಿ ನಡೆಯುತ್ತಿದ್ದರು.

ಮುಂದಿನ ವರ್ಷ ಇಮ್ತಿಯಾಜ್ ಫೋನ್ ಮಾಡಿ, "ಮೇಡಂ, ನಮ್ ಗಂಗಮ್ಮ ಹೋಗ್ಬಿಟ್ರು" ಎಂದರು. ಆಗಲೇ ಮೂರು ದಿನವಾಗಿತ್ತು.

ಅವರನ್ನು ಕೊನೆಯ ಸಲ ನೋಡಿದ ದಿನದ ಡೈರಿಯನ್ನು ಇವತ್ತು ತೆಗೆದು ನೋಡಿದೆ. ನನ್ನದೇ ಅಕ್ಷರ, ನೀಲಿ ಶಾಯಿ: "ಬಾಗಲಗುಂಟೆಗೆ ಹೋಗಿ ಬಂದೆ. ಗಂ. ಆರೋಗ್ಯವಾಗಿದ್ದಾರೆ. ಹಳೆಯದೆಲ್ಲ ಮಾತಾಡಿದೆವು. ಬಸ್ಸಿನಲ್ಲಿ ಸೀಟು ಸಿಕ್ಕಿತು." ಕೆಳಗೆ ಅರ್ಧ ಪುಟ ಖಾಲಿ ಇದೆ.